ಗಾಜಿನ ದಪ್ಪ

ಜನವರಿ 9

ಅಮ್ಮನಿಗೆ,

ನಮಸ್ಕಾರ. ಈ ಕಾಗದ ನಿಮ್ಮ ಕೈ ಸೇರುತ್ತದೋ ಇಲ್ಲವೋ ಗೊತ್ತಿಲ್ಲ. ಹದಿನಾಲ್ಕು ವರ್ಷದ ಮೇಲೆ ಬರೆಯುತ್ತಿದ್ದೇನೆ, ಅದೂ ಒಂದು ಮೀನಿನ ತೊಟ್ಟಿಯ ವಿಷಯಕ್ಕೆ. ನಗಬೇಡಿ.

ನಾನೀಗ ಒಂದು ಕನ್ನಡಕದಂಗಡಿಯಲ್ಲಿದ್ದೇನೆ. ಹಿಂದಿನ ಕೋಣೆಯಲ್ಲಿ ಕೂತು ಮಸೂರಗಳನ್ನು ಫ್ರೇಮಿನ ಅಳತೆಗೆ ಉಜ್ಜುವುದು ನನ್ನ ಪಾಲಿನ ಕೆಲಸ. ಅಂಗಡಿಯ ಎದುರಿಗೆ ಹೊಸ ಹೋಟೆಲೊಂದು ಶುರುವಾಗಿದೆ. ಒಳಗೆ ಕಾಲಿಟ್ಟರೆ ಗೋಡೆಯಷ್ಟು ದೊಡ್ಡ ಉಪ್ಪುನೀರಿನ ತೊಟ್ಟಿ. ಎಲ್ಲರೂ ಮೀನು ನೋಡುತ್ತಿದ್ದರೆ ನಾನು ಮೂಲೆ ನೋಡುತ್ತಿದ್ದೆ. ಎರಡು ಹಲಗೆ ಕೂಡುವ ಕಡೆ ಸಾಸಿವೆಯಷ್ಟೂ ಗುಳ್ಳೆ ಇರಲಿಲ್ಲ. ಅಷ್ಟು ಚೊಕ್ಕವಾಗಿ ಅಂಟಿಸುವವರನ್ನು ನಾನು ಕಂಡಿರುವುದು ಒಬ್ಬರನ್ನೇ. ಮ್ಯಾನೇಜರನ್ನು ಕೇಳಿ, ತೊಟ್ಟಿ ಮಾಡಿದ ಕಾರ್ಖಾನೆಯ ವಿಳಾಸ ತೆಗೆದುಕೊಂಡೆ. ಅಲ್ಲಿ ಅಂಟಿನ ಕೆಲಸಕ್ಕೆ ಹೆಂಗಸೊಬ್ಬರಿದ್ದಾರೆ, ಮಾತು ಬಹಳ ಕಡಿಮೆ ಎಂದು ಅವರೇ ಹೇಳಿದರು.

ಹೋದ ವರ್ಷ ನನಗೆ ಮದುವೆಯಾಯಿತು. ರಿಜಿಸ್ಟ್ರಾರ್ ಕಚೇರಿಯಲ್ಲಿ ಸಹಿ ಹಾಕಿದೆವು, ಅಷ್ಟೇ. ನಿಮಗೆ ತಿಳಿಸಬೇಕಿತ್ತು, ತಿಳಿಸಲಿಲ್ಲ. ಇವರು ಶಾಲೆಯ ಬಸ್ ಓಡಿಸುತ್ತಾರೆ. ದಿನಾ ಐವತ್ತು ಮಕ್ಕಳ ಗಲಾಟೆ ಕೇಳಿ ಬರುವುದರಿಂದ, ಮನೆಯಲ್ಲಿ ಸದ್ದು ಮಾಡದ ಪ್ರಾಣಿ ಸಾಕಬೇಕು ಅನ್ನುವುದು ಇವರ ಆಸೆ. ಸಮುದ್ರದ ಮೀನೇ ಬೇಕಂತೆ. ಕಿತ್ತಳೆ ಮೈಗೆ ಬಿಳಿ ಪಟ್ಟೆ ಇರುವುದು, ಒಂದು ಜೋಡಿ.

ಎಷ್ಟು ದೊಡ್ಡ ತೊಟ್ಟಿ ಬೇಕು? ಗಾಜೋ, ಅಕ್ರಿಲಿಕ್ಕೋ? ಮನೆ ಎರಡನೇ ಮಹಡಿಯಲ್ಲಿದೆ. ಹಜಾರ ಹದಿಮೂರು ಅಡಿ ಉದ್ದ, ಹತ್ತು ಅಡಿ ಅಗಲ. ಅಪ್ಪ ತಾವೇ ಮಾಡಿಕೊಡುತ್ತೇನೆ ಅನ್ನುತ್ತಾರೆ. ಆದರೆ ಅವರ ಅಂಗಡಿಯಲ್ಲಿ ಈಗ ಸಿಹಿನೀರಿನ ಸಣ್ಣ ತೊಟ್ಟಿಗಳು ಮಾತ್ರ. ಉಪ್ಪುನೀರಿನ ಕೆಲಸ ನಿಮಗೆ ತಿಳಿದಷ್ಟು ಅವರಿಗೆ ತಿಳಿಯದು ಅಂತ ನನಗನ್ನಿಸುತ್ತದೆ. ಇದನ್ನು ಅವರಿಗೆ ಹೇಳಿಲ್ಲ.

ಉತ್ತರ ಬರೆಯಲೇಬೇಕು ಅಂತೇನಿಲ್ಲ.

ಇಂತಿ,
ನಿಮ್ಮ ಮಗಳು


ಫೆಬ್ರವರಿ 2

ಬಟಾಣಿ,

ಕಾಗದ ಬಂದು ಹದಿನೈದು ದಿನವಾಯಿತು. ಅಮ್ಮನಿಗೆ ‘ನೀವು’ ಅಂತ ಬರೆದಿದ್ದೀಯ. ಅದನ್ನು ಕನ್ನಡಕದ ಗಿರಾಕಿಗಳಿಗೆ ಇಟ್ಟುಕೋ.

ಮದುವೆಯ ವಿಷಯ ಓದಿದೆ. ಸಂತೋಷ.

ಮೊದಲ ಸಲ ಇಡುವವರೆಲ್ಲ ಚಿಕ್ಕದರಿಂದ ಶುರು ಮಾಡೋಣ ಅನ್ನುತ್ತಾರೆ. ಸಿಹಿನೀರಿಗೆ ಅದು ನಡೆಯುತ್ತದೆ. ಸಮುದ್ರದ ಮೀನಿಗೆ ಏರುಪೇರು ತಡೆಯುವುದಿಲ್ಲ. ಚಿಕ್ಕ ತೊಟ್ಟಿಯಲ್ಲಿ ಎರಡು ಲೋಟ ನೀರು ಆರಿಹೋದರೂ ಹದ ಕೆಡುತ್ತದೆ, ಯಾಕೆಂದರೆ ಆರುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ಒಂದು ಮೀನು ಸತ್ತು ಕಲ್ಲಿನ ಹಿಂದೆ ಸಿಕ್ಕಿಕೊಂಡರೆ ಉಳಿದವೂ ಅದರ ಹಿಂದೆಯೇ ಹೋಗುತ್ತವೆ. ನೀರು ಹೆಚ್ಚಿದ್ದರೆ ತಪ್ಪು ನಿಧಾನಕ್ಕೆ ಬೆಳೆಯುತ್ತದೆ, ನೋಡಿ ಸರಿಮಾಡಲು ಸಮಯ ಸಿಗುತ್ತದೆ.

ಉದ್ದ ನೂರಿಪ್ಪತ್ತು ಸೆಂಟಿಮೀಟರು, ಅಗಲ ಐವತ್ತು, ಎತ್ತರ ಐವತ್ತು. ಮುನ್ನೂರು ಲೀಟರಿನ ಹತ್ತಿರ ನೀರು ಹಿಡಿಯುತ್ತದೆ. ನೋಡಲು ಚಂದ ಅಂತ ಎತ್ತರ ಹೆಚ್ಚಿಸಬೇಡ. ಮೀನು ಅಡ್ಡಕ್ಕೆ ಈಜುತ್ತದೆ, ಮಹಡಿ ಹತ್ತುವುದಿಲ್ಲ. ಇನ್ನೊಂದು, ತಳದ ಮರಳಿಗೆ ನಿನ್ನ ಕೈ ಎಟುಕಬೇಕು. ನಿನ್ನ ಕೈ ಈಗ ಎಷ್ಟು ಉದ್ದ ಇದೆಯೋ ನನಗೆ ಗೊತ್ತಿಲ್ಲ. ಭುಜದಿಂದ ಬೆರಳ ತುದಿಯವರೆಗೆ ಅಳೆದು ಬರೆ.

ನೀರು, ಕಲ್ಲು, ಮರಳು, ಗಾಜು ಎಲ್ಲ ಸೇರಿ ನಾನೂರು ಕೆಜಿ ದಾಟುತ್ತದೆ. ಹಜಾರದ ನಡುವೆ ಬೇಡ. ಕೆಳಗಿನ ಮನೆಯಲ್ಲೂ ಗೋಡೆ ಇರುವ ಕಡೆ ನೋಡಿ, ಗೋಡೆಗೆ ಒತ್ತಿಕೊಂಡು ಇಡಿಸು. ಬಿಸಿಲು ಬೀಳುವ ಕಿಟಕಿ ಹತ್ತಿರ ಬೇಡ. ಕಬ್ಬಿಣದ ಸ್ಟ್ಯಾಂಡ್ ಬೇಡ, ಉಪ್ಪು ಅದನ್ನು ಎರಡೇ ವರ್ಷದಲ್ಲಿ ತಿಂದುಹಾಕುತ್ತದೆ.

ಗಾಜೋ ಅಕ್ರಿಲಿಕ್ಕೋ ಅಂತ ಹೇಳುವ ಮೊದಲು ನೀವಿಬ್ಬರೂ ಎಂಥ ಕೈಯವರು, ಹೇಗೆ ಒರೆಸಿ ತೊಳೆಯುವವರು ಅಂತ ನನಗೆ ಗೊತ್ತಾಗಬೇಕು.

ಅಮ್ಮ


ಫೆಬ್ರವರಿ 20

ಅಮ್ಮಾ,

ಅರವತ್ತೆಂಟು ಸೆಂಟಿಮೀಟರು. ಇವರೇ ಟೇಪು ಹಿಡಿದು ಅಳೆದರು. ಯಾರಿಗೆ ಬೇಕು ಈ ಲೆಕ್ಕ ಅಂತ ಕೇಳಿದರು. ನಮ್ಮಮ್ಮನಿಗೆ ಅಂದೆ. ಆ ಮಾತು ನನ್ನ ಬಾಯಲ್ಲಿ ಕೇಳಿ ಇವರು ಟೇಪನ್ನು ಸುತ್ತಿ ಸುತ್ತಿ ಇಟ್ಟರು.

ನಾಲ್ಕು ಅಡಿ ಉದ್ದ ಅಂದಾಗ ಇವರ ಮುಖ ನೀನು ನೋಡಬೇಕಿತ್ತು. ಇವರ ತಲೆಯಲ್ಲಿದ್ದದ್ದು ಫ್ರಿಜ್ಜಿನ ಮೇಲಿಡುವಂಥ ದುಂಡನೆಯ ಬಟ್ಟಲು. ಈಗ ಹಜಾರದ ನೆಲದ ಮೇಲೆ ಸೀಮೆಸುಣ್ಣದಲ್ಲಿ ತೊಟ್ಟಿಯ ಗೆರೆ ಎಳೆದಿದ್ದಾರೆ. ನಾವಿಬ್ಬರೂ ಅದನ್ನು ತುಳಿಯದೆ ಸುತ್ತಿಕೊಂಡು ಓಡಾಡುತ್ತಿದ್ದೇವೆ. ಕೆಳಗಿನ ಮನೆಗೆ ಹೋಗಿ ನೋಡಿಬಂದೆ, ಗೋಡೆ ಸರಿಯಾಗಿ ಅಲ್ಲೇ ಇದೆ. ಆ ಮನೆಯ ಅಜ್ಜಿಗೆ ನಾನೂರು ಕೆಜಿ ಅಂತ ಬಾಯಿತಪ್ಪಿ ಹೇಳಿಬಿಟ್ಟೆ. ಮಾರನೇ ದಿನ ಅವರು ತಮ್ಮ ಮಂಚವನ್ನು ಪಕ್ಕದ ಕೋಣೆಗೆ ಹಾಕಿಸಿಕೊಂಡರು.

ಇವರು ಬಸ್ಸಿನ ಗಾಜು ಒರೆಸುವ ಹಾಗೆ ಕೈಗೆ ಸಿಕ್ಕ ಬಟ್ಟೆಯಲ್ಲಿ ತಿಕ್ಕುವವರು. ನಾನು ಹಾಗಲ್ಲ ಅಂತ ನಿನಗೆ ಹೇಳಬೇಕಿಲ್ಲ. ನಮ್ಮಲ್ಲಿ ಪ್ಲಾಸ್ಟಿಕ್ ಮಸೂರ ಹಗುರ, ಬಿದ್ದರೂ ಒಡೆಯುವುದಿಲ್ಲ. ಆದರೆ ಅಂಗಿಯ ತುದಿಯಲ್ಲಿ ಒರೆಸುವ ಗಿರಾಕಿಗಳು ವರ್ಷದೊಳಗೆ ಗೀರು ತೋರಿಸಿಕೊಂಡು ವಾಪಸ್ ಬರುತ್ತಾರೆ. ಅಕ್ರಿಲಿಕ್ಕಿನ ಪಾಡೂ ಇದೇನಾ?

ಅಪ್ಪನಿಗೆ ಅಳತೆ ಕೊಟ್ಟೆ. ನಿನ್ನ ಸುದ್ದಿ ಎತ್ತಲಿಲ್ಲ, ಎಲ್ಲೋ ಓದಿದೆ ಅಂದೆ. ಎಂಟು ಮಿಲಿಮೀಟರ್ ಗಾಜು ಧಾರಾಳವಾಯಿತು ಅಂದರು. ಸಾಕಾ?

ಬಟಾಣಿ


ಮಾರ್ಚ್ 15

ಬಟಾಣಿ,

ನಿನ್ನ ಊಹೆ ಸರಿ. ನಾನು ದಿನವಿಡೀ ಅಕ್ರಿಲಿಕ್ಕಿನ ನಡುವೆಯೇ ಇರುವವಳು, ಆದರೂ ನಿಮ್ಮ ಮನೆಗೆ ಗಾಜನ್ನೇ ಹೇಳುತ್ತೇನೆ. ಅಕ್ರಿಲಿಕ್ ಗಾಜಿನ ಅರ್ಧ ತೂಕ, ಪೆಟ್ಟು ತಡೆಯುತ್ತದೆ, ನೀರಿನಷ್ಟೇ ತಿಳಿಯಾಗಿ ಕಾಣುತ್ತದೆ. ಹೋಟೆಲಿನ ಗೋಡೆಯಂಥ ದೊಡ್ಡ ತೊಟ್ಟಿಗೆ ಅದೇ ಸರಿ. ಆದರೆ ಪಾಚಿ ಉಜ್ಜುವಾಗ ಬಟ್ಟೆಯಡಿ ಒಂದು ಕಾಳು ಮರಳು ಸಿಕ್ಕಿದರೆ ಮುಗಿಯಿತು, ಗೀರು ಬಿದ್ದಂತೆಯೇ. ಇಲ್ಲಿ ಗೀರು ತೆಗೆಯಲು ನಾವು ಮೂರು ಜನ ಇದ್ದೇವೆ. ನಿಮ್ಮ ಮನೆಯಲ್ಲಿ ಬಸ್ಸು ಒರೆಸುವವರೊಬ್ಬರು ಇದ್ದಾರೆ. ಮುಂದಿನ ಹಲಗೆಗೆ ಮಾತ್ರ ಹಸಿರು ಛಾಯೆ ಇಲ್ಲದ ಬಿಳಿಗಾಜು ಸಿಕ್ಕರೆ ಹಾಕಿಸು, ಬಣ್ಣ ನಿಜವಾಗಿ ಕಾಣುತ್ತದೆ. ತೊಟ್ಟಿಯ ಕೆಳಗೆ ಒಂದು ಮೆತ್ತನೆಯ ಫೋಮ್ ಹಾಳೆ ಇರಲಿ.

ಎಂಟು ಸಾಲದು. ಹನ್ನೆರಡು ಹಾಕಿಸು. ಹತ್ತರಲ್ಲಿ ನಡೆಸುವವರಿದ್ದಾರೆ, ನೀನು ನಡೆಸಬೇಡ. ತೊಟ್ಟಿ ಎಷ್ಟು ಅಗಲ ಅನ್ನುವುದು ಗಾಜಿಗೆ ಬೇಕಿಲ್ಲ, ನೀರು ಎಷ್ಟು ಎತ್ತರ ನಿಂತಿದೆ, ಹಲಗೆ ಎಷ್ಟು ಉದ್ದ ಇದೆ, ಅದಷ್ಟೇ ಲೆಕ್ಕ. ಅದರಲ್ಲೂ ಎತ್ತರವೇ ದೊಡ್ಡದು. ಎತ್ತರ ಸ್ವಲ್ಪ ಏರಿದರೂ ದಪ್ಪ ಬಹಳ ಏರಬೇಕು. ಹಲಗೆ ಬಂದ ದಿನ ನೀನೇ ಅಂಚಿಗೆ ಕ್ಯಾಲಿಪರ್ ಹಿಡಿದು ಅಳೆ. ಯಾರ ಬಾಯಿಮಾತಿನ ಮೇಲೂ ಬಿಡಬೇಡ. ಯಾರ ಅಂದರೆ ಯಾರ ಮಾತಿನ ಮೇಲೂ. ಯಾಕೆ ಅಂತ ಕೇಳಬೇಡ.

ಅಂಟಿಸಿದ ಮೇಲೆ ಹತ್ತು ದಿನ ಹಾಗೇ ಬಿಡು. ಆಮೇಲೆ ಸಿಹಿನೀರು ತುಂಬಿಸಿ ಇನ್ನೊಂದು ವಾರ ನೋಡು.

ಇಲ್ಲಿ ಒಂದು ಸಾಲು ಬರೆದು ಹೊಡೆದುಹಾಕಿದ್ದೇನೆ. ಬೆಳಕಿಗೆ ಹಿಡಿದು ಓದಲು ಹೋಗಬೇಡ.

ಅಮ್ಮ


ಏಪ್ರಿಲ್ 11

ಅಮ್ಮಾ,

ಬೆಳಕಿಗೆ ಹಿಡಿದು ಓದಿದೆ. ‘ಒಂದು ದಿನ ಸಾಲದು ಅಂತ ನಿನಗೇ ಗೊತ್ತಲ್ಲ’ ಎಂದಿತ್ತು.

ನಿನಗೆ ಗೊತ್ತಿದೆ ಅಂತ ನನಗೆ ಗೊತ್ತಿರಲಿಲ್ಲ. ಆ ಕೋಣೆಯಲ್ಲಿ ನೀನು ಇರಲಿಲ್ಲವಲ್ಲ.

ಭಾನುವಾರ ಅಪ್ಪನ ಅಂಗಡಿಗೆ ಹೋದೆ, ಹನ್ನೆರಡು ಮಿಲಿಮೀಟರೇ ಬೇಕು ಅಂತ ಹೇಳಲು. ಮುಂದೆ ಗಿರಾಕಿ ಇದ್ದರು. ಸ್ಟ್ಯಾಂಡಿನ ಹಳೆಯ ನಕ್ಷೆಗಳು ಒಳಗಿನ ಬೀರುವಿನಲ್ಲಿವೆ, ನೀನೇ ಹುಡುಕಿಕೋ ಅಂದರು. ಹುಡುಕುವಾಗ, ಆಗ ನೀವಿಬ್ಬರೂ ತೊಟ್ಟಿ ಮಾಡಿಕೊಟ್ಟಿದ್ದ ಕ್ಲಿನಿಕ್ಕಿನ ಫೈಲು ಸಿಕ್ಕಿತು. ಗಾಜಿನ ಆರ್ಡರಿನ ಚೀಟಿ, ನಿನ್ನ ಅಕ್ಷರ. ಉದ್ದ ನೂರೆಂಬತ್ತು, ಅಗಲ ಅರವತ್ತು, ಎತ್ತರ ಎಪ್ಪತ್ತೈದು, ದಪ್ಪ ಹತ್ತೊಂಬತ್ತು. ಹತ್ತೊಂಬತ್ತರ ಕೆಳಗೆ ಎರಡು ಗೆರೆ ಎಳೆದಿದ್ದೆ. ಅದರ ಮೇಲೆ ಬಾಲ್‌ಪೆನ್ನಿನಲ್ಲಿ ಒಂದು ಅಡ್ಡಗೆರೆ, ಪಕ್ಕದಲ್ಲಿ ಅಪ್ಪನ ಅಕ್ಷರದಲ್ಲಿ ಹನ್ನೆರಡು. ನನ್ನ ಮನೆಯ ಈ ಸಣ್ಣ ತೊಟ್ಟಿಗೆ ನೀನು ಹೇಳಿದ ದಪ್ಪವನ್ನೇ ಅಷ್ಟು ದೊಡ್ಡದಕ್ಕೆ ಹಾಕಿದ್ದರು.

ಗಿರಾಕಿ ಹೋಗುವವರೆಗೆ ಕಾದೆ. ಅಪ್ಪ ಮೀನುಗಳಿಗೆ ಆಹಾರ ಉದುರಿಸುತ್ತಿದ್ದರು. ಚೀಟಿ ತೋರಿಸಿದೆ. ನೋಡಿದರು, ಉದುರಿಸುವುದನ್ನು ನಿಲ್ಲಿಸಲಿಲ್ಲ. ಅಷ್ಟು ದಪ್ಪದ ಗಾಜು ಬರಲು ಆಗ ತಿಂಗಳು ಹಿಡಿಯುತ್ತಿತ್ತು, ಕ್ಲಿನಿಕ್ ಶುರುವಾಗುವ ದಿನ ನಿಶ್ಚಯವಾಗಿತ್ತು, ಒಡೆಯುತ್ತದೆ ಅಂತ ಯಾರು ಕಂಡಿದ್ದರು ಅಂದರು.

“ಹಾಗಾದ್ರೆ ನನ್ನ ಕೈಲಿ ಯಾಕೆ ಹಾಗೆ ಹೇಳ್ಸಿದ್ರಿ?” ಅಂತ ಕೇಳಿದೆ.

“ನೀನು ಚಿಕ್ಕೋಳು. ಚಿಕ್ಕೋರು ಹೇಳಿದ್ರೆ ಯಾರೂ ತಿರುಗಿ ಪ್ರಶ್ನೆ ಕೇಳಲ್ಲ” ಅಂದರು.

ಇಷ್ಟು ವರ್ಷ ಅದನ್ನು ನಾನು ಯಾರಿಗೂ ಹೇಳಿಲ್ಲ, ಇವರಿಗೂ ಹೇಳಿಲ್ಲ. ನಿನಗೆ ಹೇಳುತ್ತೇನೆ. ತೊಟ್ಟಿ ಒಡೆದು, ಸ್ವಾಗತದ ಮೇಜಿನ ಹತ್ತಿರ ಕೂರುತ್ತಿದ್ದ ಅಕ್ಕನ ಬಲಗೈ ನರ ಕತ್ತರಿಸಿಹೋಗಿ ವಾರವಾಗಿತ್ತು. ಅಪ್ಪ ನನ್ನನ್ನು ವ್ಯಾನಿನಲ್ಲಿ ಕೂರಿಸಿಕೊಂಡು ಕ್ಲಿನಿಕ್ಕಿಗೆ ಹೋದರು. ದಾರಿಯಲ್ಲಿ ಮೂರು ಸಲ ಹೇಳಿಸಿದರು. ‘ಅಮ್ಮ ಅಂಟು ಹಾಕಿ ಒಂದೇ ದಿನ ಒಣಗಿಸಿದ್ರು, ನಾನು ನೋಡಿದೆ.’ ಡಾಕ್ಟರ ಕೋಣೆಯಲ್ಲಿ ವಿಮೆಯವರೊಬ್ಬರು ಬರೆದುಕೊಳ್ಳುತ್ತಿದ್ದರು. ನಾನು ಹೇಳಿದೆ. ಅವರು ತಲೆ ಸವರಿ, ಜಾಣೆ ಅಂದರು. ನೀನು ನಿಜವಾಗಿ ಹನ್ನೆರಡು ದಿನ ಒಣಗಿಸಿದ್ದೆ. ಕ್ಯಾಲೆಂಡರಿನಲ್ಲಿ ದಿನಾ ಗೀಟು ಹಾಕುವ ಕೆಲಸ ನನ್ನದೇ ಆಗಿತ್ತು.

ಆ ಮೇಲಿನ ವಾರ ನೀನು ಹೋದೆ. ನಿನ್ನ ತಪ್ಪಿಗೆ ನಾಚಿಕೆಯಾಗಿ ಹೋದೆ ಅಂತ ಅಪ್ಪ ಹೇಳಿದರು. ಬರಬರುತ್ತಾ ನಾನೂ ಅದನ್ನೇ ನಂಬಿದೆ. ನನಗೇ ಗೊತ್ತಿದ್ದ ಸುಳ್ಳನ್ನು ನಾನೇ ಹೇಗೆ ನಂಬಿದೆನೋ ತಿಳಿಯದು.

ಅಪ್ಪ ನನ್ನಿಂದ ಹೇಳಿಸಿದ ಮಾತು ನಿನ್ನ ಕಿವಿಗೆ ಬಿದ್ದಿರಬೇಕು. ಗಾಜು ತೆಳು ಮಾಡಿದ್ದು ಅವರು ಅಂತ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ನನ್ನನ್ನು ಸುಳ್ಳಿ ಅಂತ ಎಲ್ಲರೆದುರು ನಿಲ್ಲಿಸಲಾರದೆ ಎಲ್ಲವನ್ನೂ ನೀನೇ ಹೊತ್ತುಕೊಂಡು ಹೋದೆ. ಅಲ್ಲವಾ?

ಆ ಅಂಗಡಿಗೆ ಇನ್ನು ಕಾಲಿಡುವುದಿಲ್ಲ.

ನಿನ್ನ ಬಟಾಣಿ


ಮೇ 30

ಅಮ್ಮಾ,

ಏಳು ವಾರವಾಯಿತು. ಬೈದಾದರೂ ಬರೆ.

ಅತ್ತೆಗೆ ಎಲ್ಲ ಹೇಳಿದೆ. ನೀನು ಹೋದ ಮೇಲೆ ನನ್ನನ್ನು ಸಾಕಿದವರು ಅವರೇ ಅಲ್ಲವಾ, ತಮ್ಮನ ಪರ ಮಾತಾಡುತ್ತಾರೇನೋ ಅಂದುಕೊಂಡಿದ್ದೆ. ಅತ್ತುಬಿಟ್ಟರು. ಇಷ್ಟು ವರ್ಷ ಅವಳ ಬಗ್ಗೆ ಏನೇನೆಲ್ಲ ಅಂದುಬಿಟ್ಟೆ, ಮಗುವಿಗೋಸ್ಕರ ಬಾಯಿಮುಚ್ಚಿಕೊಂಡು ಹೋದವಳು ದೇವರಂಥವಳು ಅಂದರು. ಈಗ ನೆಂಟರಲ್ಲಿ ಸಿಕ್ಕಿದವರಿಗೆಲ್ಲ ಅವರೇ ಹೇಳುತ್ತಿದ್ದಾರೆ. ಅಪ್ಪನ ಮನೆಗೆ ಯಾರೂ ಹೋಗುತ್ತಿಲ್ಲ.

ಇನ್ನು ನೀನು ತಲೆಯೆತ್ತಿಕೊಂಡು ಬರಬಹುದು.

ಬಟಾಣಿ


ಜೂನ್ 22

ಬಟಾಣಿ,

ನಿನ್ನ ಏಪ್ರಿಲ್ ಕಾಗದಕ್ಕೆ ಉತ್ತರ ಬರೆಯಬಾರದು ಅಂತಲೇ ಇದ್ದೆ. ನೀನು ಬರೆದದ್ದು ಓದಲು ಹಿತವಾಗಿತ್ತು. ಅದು ಹಾಗೇ ಇರಲಿ ಅನ್ನಿಸಿತ್ತು. ಆದರೆ ನಿಮ್ಮತ್ತೆ ನನ್ನನ್ನು ದೇವರು ಮಾಡಿ ಊರೆಲ್ಲ ಮೆರೆಸುತ್ತಿದ್ದಾರೆ ಅಂದ ಮೇಲೆ ಸುಮ್ಮನಿರಲು ಆಗುವುದಿಲ್ಲ.

ಗಾಜು ಅಂಟಿಸಿದವಳು ನಾನು. ಹತ್ತೊಂಬತ್ತಕ್ಕೂ ಹನ್ನೆರಡಕ್ಕೂ ವ್ಯತ್ಯಾಸ ಗೊತ್ತಾಗದೆ ಇರುತ್ತದಾ? ಕನ್ನಡಕದ ಮಸೂರ ಕೈಗೆ ಬಂದ ಕೂಡಲೇ ನಿನಗೆ ಗೊತ್ತಾಗುವುದಿಲ್ಲವಾ? ಲಾರಿಯಿಂದ ಹಲಗೆ ಇಳಿಸುವಾಗಲೇ ಗೊತ್ತಾಯಿತು, ನಾಲ್ಕು ಜನ ಎತ್ತಬೇಕಾದದ್ದನ್ನು ಮೂವರು ಎತ್ತಿಕೊಂಡು ಬಂದರು. ಅಂಚಿಗೆ ಗೇಜ್ ಹಿಡಿದೆ, ಹನ್ನೆರಡು ತೋರಿಸಿತು. ಇದು ನಿಲ್ಲುವುದಿಲ್ಲ, ವಾಪಸ್ ಕಳಿಸಿ ಅಂತ ನಿಮ್ಮಪ್ಪನಿಗೆ ಹೇಳಿದೆ. ದಿನ ನಿಶ್ಚಯವಾಗಿದೆ, ಮೇಲೆ ಗಾಜಿನ ಎರಡು ಅಡ್ಡಪಟ್ಟಿ ಹೆಚ್ಚಿಗೆ ಕೊಡು, ನಿನ್ನ ಕೈಕೆಲಸದ ಮುಂದೆ ಗಾಜು ಯಾವ ಲೆಕ್ಕ ಅಂದರು. “ಇದೊಂದು ಸಲ” ಅಂದರು.

ಆ ಮಾತು ನನಗೆ ಹಿತವಾಯಿತು. ನಿಜ ಹೇಳುತ್ತೇನೆ, ಹಿತವಾಯಿತು. ಎರಡು ದಿನ ಕೂತು ಅಂಟಿಸಿದೆ. ಅಷ್ಟು ಒಳ್ಳೆಯ ಬೆಸುಗೆ ನಾನು ಅದಕ್ಕೆ ಮೊದಲೂ ಹಾಕಿರಲಿಲ್ಲ, ಆಮೇಲೂ ಹಾಕಿಲ್ಲ. ತೊಟ್ಟಿ ಒಡೆದಾಗ ನಾಲ್ಕು ಮೂಲೆಯೂ ಗಟ್ಟಿಯಾಗಿ ನಿಂತಿದ್ದವು, ಮುಂದಿನ ಹಲಗೆ ನಡುವೆ ಸೀಳಿತ್ತು. ಬಗ್ಗಿ ನೋಡಿದ್ದರೆ ಯಾರಿಗಾದರೂ ತಿಳಿಯುತ್ತಿತ್ತು. ನಿಮ್ಮಪ್ಪ ಆ ಸಂಜೆಯೇ ಚೂರುಗಳನ್ನೆಲ್ಲ ಬಳಿದು ಸಾಗಿಸಿದರು. ನಾನು ಪೊರಕೆ ಹಿಡಿದೆ.

ಆ ಕೋಣೆಯಲ್ಲಿ ನಾನು ಇರಲಿಲ್ಲ ಅಂತ ಬರೆದಿದ್ದೀಯ. ಬಾಗಿಲಾಚೆ ಇದ್ದೆ. ವಿಮೆಯವರು ನನ್ನನ್ನೂ ಕರೆಸಿದ್ದರು, ನಿಮ್ಮ ಸರದಿ ಬಂದಾಗ ಬನ್ನಿ ಅಂತ ಕೂರಿಸಿದ್ದರು. ಬಾಗಿಲು ಅರ್ಧ ತೆರೆದಿತ್ತು. ನೀನು ಕುರ್ಚಿಯ ತುದಿಯಲ್ಲಿ ಕೂತು ಕಾಲು ಆಡಿಸುತ್ತಿದ್ದೆ. ತಡವರಿಸಲಿಲ್ಲ. ಶಾಲೆಯಲ್ಲಿ ಪಾಠ ಒಪ್ಪಿಸುವ ಹಾಗೆ ಒಪ್ಪಿಸಿದೆ.

ನಾನು ಒಳಗೆ ಬಂದು, ಗಾಜು ತೆಳುವಾಗಿತ್ತು ಅನ್ನಬಹುದಿತ್ತು. ಅಂದ ಕೂಡಲೇ ಅವರು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ, ನಿಮಗೆ ಗೊತ್ತಿರಲಿಲ್ಲವಾ ಅಂತ. ಅಂಟು ಒಣಗಲಿಲ್ಲ ಅನ್ನುವುದು ಕೈತಪ್ಪು. ಗೊತ್ತಿದ್ದೂ ಮಾಡಿದೆ ಅನ್ನುವುದು ಬೇರೆ. ನಾನು ಚಿಕ್ಕ ತಪ್ಪನ್ನು ಆರಿಸಿಕೊಂಡೆ. ನೀನು ಹೇಳಿದ ಸುಳ್ಳು ನನಗೆ ಅನುಕೂಲಕ್ಕೆ ಬಂತು. ನಿನ್ನನ್ನು ಉಳಿಸಲು ಸುಮ್ಮನಿದ್ದೆ ಅಂತ ನಿಮ್ಮತ್ತೆಗೆ ಹೇಳಿದ್ದನ್ನು ವಾಪಸ್ ತೆಗೆದುಕೋ.

ಹಾಗಾದರೆ ಮನೆ ಬಿಟ್ಟದ್ದು ಯಾಕೆ ಅಂತ ಕೇಳುತ್ತೀಯ. ನಿಮ್ಮಪ್ಪನ ಜೊತೆ ಬೇಕಾದರೆ ಇನ್ನೂ ಇರುತ್ತಿದ್ದೆನೇನೋ, ಅವರು ಎಂಥವರು ಅಂತ ನನಗೆ ಮೊದಲೇ ಗೊತ್ತಿತ್ತು. ನಿನ್ನ ಮುಖ ನೋಡಲು ಆಗಲಿಲ್ಲ. ನೀನು ‘ಅಮ್ಮಾ’ ಅಂದಾಗಲೆಲ್ಲ ಆ ದನಿಯೇ ಕೇಳುತ್ತಿತ್ತು. ಹನ್ನೊಂದು ವರ್ಷದ ಮಗು, ಯಾರೋ ಹೇಳಿಸಿದ್ದು ಅಂತ ಬುದ್ಧಿಗೆ ಗೊತ್ತು. ಆದರೂ ಆಗಲಿಲ್ಲ. ಆ ಅಕ್ಕನನ್ನೂ ಒಂದು ಸಲ ಹೋಗಿ ನೋಡಲಿಲ್ಲ.

ಇದನ್ನು ಓದಿದ ಮೇಲೆ ನೀನು ಬರೆಯದಿದ್ದರೆ ನನಗೆ ಅರ್ಥವಾಗುತ್ತದೆ.

ಅಮ್ಮ


ಆಗಸ್ಟ್ 5

ಅಮ್ಮಾ,

ತೊಟ್ಟಿ ಬೇರೆ ಕಡೆ ಮಾಡಿಸಿದೆವು. ಎಲ್ಲ ಹಲಗೆಯ ಅಂಚೂ ಅಳೆದೆ, ಹನ್ನೆರಡೇ ಇದೆ. ನೀರು, ಉಪ್ಪು, ಕಲ್ಲು ಹಾಕಿ ಪಂಪು ಓಡಿಸಿದ್ದೇವೆ. ನೀರು ಹದಕ್ಕೆ ಬರುವವರೆಗೆ ಮೀನು ಬಿಡಬಾರದಂತೆ. ಇವರು ಸಂಜೆ ಬಂದು ಬರೀ ಕಲ್ಲುಗಳನ್ನೇ ನೋಡುತ್ತಾ ಕೂರುತ್ತಾರೆ.

ನಿನ್ನ ಕಾಗದವನ್ನು ಮೊದಲ ಸಲ ಅಂಗಡಿಯಲ್ಲಿ ಓದಿದೆ. ಆ ದಿನ ಒಂದು ಜೊತೆ ಮಸೂರ ಹಾಳು ಮಾಡಿದೆ, ಆರು ವರ್ಷದಲ್ಲಿ ಮೊದಲ ಸಲ. ಅಪ್ಪ ಮೋಸ ಮಾಡಿದ್ದು ಗೊತ್ತಾದಾಗ ಸಿಟ್ಟು ಬಂದಿತ್ತು, ಆದರೆ ಕಾಲೂರಲು ಒಂದು ಜಾಗ ಇತ್ತು, ನೀನಿದ್ದೆ. ನಿನ್ನ ಕಾಗದ ಬಂದ ಮೇಲೆ ಅದೂ ಹೋಯಿತು. ಗೊತ್ತಿದ್ದೂ ಅಂಟಿಸಿದೆ ಅಂತ ಬರೆದಿದ್ದೀಯ. ಅದನ್ನಾದರೂ ಹೇಗೋ ನುಂಗಿಕೊಂಡೆ. ನನ್ನ ಮುಖ ನೋಡಲಾಗದೆ ಹೋದೆ ಅಂದಿದ್ದೀಯಲ್ಲ, ಅದು ಆಗುತ್ತಿಲ್ಲ. ದಿನಾ ನನಗೆ ಜಡೆ ಹಾಕುತ್ತಿದ್ದವಳು ನೀನು. ಒಂದು ಬೆಳಿಗ್ಗೆ ಅತ್ತೆ ಬಾಚಣಿಗೆ ಹಿಡಿದುಕೊಂಡು ಬಂದರು. ಯಾಕೆ ಅಂತ ನನಗೆ ಯಾರೂ ಹೇಳಲಿಲ್ಲ.

ಅತ್ತೆಗೆ ನಿನ್ನ ಕಾಗದ ಕೊಟ್ಟೆ, ಓದಿ ನನಗೆ ವಾಪಸ್ ಕೊಟ್ಟರು. ಅವರಿಗೆ ದೇವರು ಸಿಕ್ಕಿ ತಿಂಗಳಿಗೇ ಕಳೆದುಹೋಯಿತು.

ಹೋದ ಶನಿವಾರ ಆ ಅಕ್ಕನನ್ನು ಹುಡುಕಿಕೊಂಡು ಹೋದೆ. ಕ್ಲಿನಿಕ್ಕಿನ ಕೆಲಸ ಆಗಲೇ ಬಿಟ್ಟರಂತೆ. ನಾಲ್ಕು ರಸ್ತೆಯಾಚೆ ಒಂದು ಸಣ್ಣ ಝೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದಾರೆ. ಕೂದಲು ಅರ್ಧ ನೆರೆತಿದೆ. ಬಲಗೈಯ ಮೂರು ಬೆರಳು ಮಡಚುವುದಿಲ್ಲ, ಎಲ್ಲ ಕೆಲಸವನ್ನೂ ಎಡಗೈಯಲ್ಲೇ ಮಾಡುತ್ತಾರೆ. ನಾನು ಯಾರು ಅಂತ ಹೇಳಿದೆ. ಅರ್ಜಿಯ ಪ್ರತಿ ತೆಗೆಯುತ್ತಿದ್ದವರು ಯಂತ್ರ ನಿಲ್ಲಿಸದೆ, ಹೇಳು ಕೇಳಿಸ್ತಿದೆ ಅಂದರು. ವ್ಯಾನಿನಲ್ಲಿ ಹೇಳಿಸಿದ್ದರಿಂದ ಹಿಡಿದು ಚೀಟಿಯವರೆಗೆ ಎಲ್ಲ ಹೇಳಿದೆ. ಅಪ್ಪ ಗಾಜು ಬದಲಿಸಿದ ವಿಷಯ ಹೇಳಿದೆ. ನಿನ್ನದನ್ನು ಹೇಳಲಿಲ್ಲ. ಹೇಳಬಾರದು ಅಂತ ನಿರ್ಧಾರ ಮಾಡಿಕೊಂಡೇ ಹೋಗಿದ್ದೆ.

ಯಂತ್ರ ನಿಂತಿತು. ಅವರು ನನ್ನ ಕಡೆ ತಿರುಗಿ ಕೇಳಿದರು, “ನಿಮ್ಮಮ್ಮನಿಗೆ ಗೊತ್ತಿತ್ತಾ?”

ಅವರು ಕಾದರು. ಅಲ್ಲಿಂದ ಹೊರಟು ಬಂದುಬಿಡಬಹುದಿತ್ತು.

“ಗೊತ್ತಿತ್ತು” ಅಂದೆ.

ಆಮೇಲೆ ಅವರೇ ಮಾತಾಡಿದರು. ಆ ತೊಟ್ಟಿ ಬಂದ ಮೇಲೆ ಅವರು ತಮ್ಮ ಕುರ್ಚಿಯನ್ನು ಅದರ ಪಕ್ಕಕ್ಕೆ ಎಳೆದುಕೊಂಡಿದ್ದರಂತೆ, ಮೀನು ನೋಡುತ್ತಾ ಕೆಲಸ ಮಾಡಲು. ಕುರ್ಚಿ ಅದರ ಜಾಗದಲ್ಲೇ ಇದ್ದಿದ್ದರೆ ಕೈಗೇನೂ ಆಗುತ್ತಿರಲಿಲ್ಲ ಅಂತ ಎಲ್ಲರೂ ಹೇಳಿದರಂತೆ, ಅವರ ಗಂಡನೂ. “ಹದಿನಾಲ್ಕು ವರ್ಷ ನಾನು ಆ ಕುರ್ಚಿ ಬಗ್ಗೆ ಯೋಚನೆ ಮಾಡಿದೀನಿ” ಅಂದರು. ಅಳಲಿಲ್ಲ, ದನಿಯೂ ಏರಲಿಲ್ಲ. ಯಂತ್ರದ ತಟ್ಟೆಯಿಂದ ಒಂದು ಬಿಳಿ ಹಾಳೆ ತೆಗೆದು ನನ್ನ ಮುಂದಿಟ್ಟರು. “ಬರ್ದು ಕೊಡು. ಯಾರ್ಯಾರಿಗೆ ಗೊತ್ತಿತ್ತು, ಎಲ್ಲ ಬರಿ” ಅಂದರು.

ನಿಂತುಕೊಂಡೇ ಬರೆದೆ. ಅಪ್ಪನ ಹೆಸರು ಬರೆದೆ, ಏನು ಮಾಡಿದರು ಅಂತ ಬರೆದೆ. ನನ್ನ ಹೆಸರು ಬರೆದೆ, ಏನು ಹೇಳಿದೆ ಅಂತ ಬರೆದೆ. ನಿನ್ನ ಹೆಸರನ್ನೂ ಬರೆದೆ, ಅಮ್ಮಾ. ನಿನ್ನನ್ನು ಕೇಳದೆ ಬರೆದೆ. ಕೆಳಗೆ ಸಹಿ ಹಾಕಿದೆ. ಅವರು ಎರಡು ಸಲ ಓದಿ, ಅದರ ಒಂದು ಪ್ರತಿ ತೆಗೆದು ನನಗೂ ಕೊಟ್ಟರು. ಅದನ್ನು ಇದರ ಜೊತೆ ಇಟ್ಟಿದ್ದೇನೆ. ಅದನ್ನು ಏನು ಮಾಡುತ್ತೀರಿ ಅಂತ ನಾನು ಕೇಳಲಿಲ್ಲ.

ಮಗಳು


ಆಗಸ್ಟ್ 24

ಬಟಾಣಿ,

ಹಾಳೆ ನೋಡಿದೆ. ನಿನ್ನ ಅಕ್ಷರ ದುಂಡಗಾಗಿದೆ.

ಓದಿದ ಕೂಡಲೇ ಮನಸ್ಸಿಗೆ ಬಂದದ್ದನ್ನು ಮುಚ್ಚಿಡುವುದಿಲ್ಲ. ಈ ಸಲವೂ ಇವಳ ಕೈಯಿಂದಲೇ ಆಯಿತಲ್ಲ ಅನ್ನಿಸಿತು. ನಿನಗೊಬ್ಬಳಿಗೆ ಅಂತ ಬರೆದದ್ದನ್ನು ಅಂಗಡಿಯ ಕಟ್ಟೆಯ ಮೇಲೆ ಇಟ್ಟು ಬಂದೆಯಲ್ಲ ಅಂತ ಎರಡು ದಿನ ಕುದ್ದುಹೋದೆ. ಒಂದು ಮಾತು ಕೇಳಿ ಬರೆಯಬಾರದಿತ್ತಾ ಅಂತ ಒಬ್ಬಳೇ ಗೊಣಗಿದೆ. ಕೇಳಿದ್ದರೆ ಬೇಡ ಅನ್ನುತ್ತಿದ್ದೆ. ಅದು ನಿನಗೂ ಗೊತ್ತಿತ್ತು.

ಮೂರನೇ ದಿನ ಅದನ್ನು ಕಾರ್ಖಾನೆಯ ಯಜಮಾನರಿಗೆ ತೋರಿಸಿದೆ. ಅವರ ತೊಟ್ಟಿಗಳನ್ನು ಅಂಟಿಸುವವಳು ಎಂಥವಳು ಅಂತ ಅವರಿಗೆ ತಿಳಿದಿರಲಿ ಅನ್ನಿಸಿತು. ಓದಿ, ಮಡಚಿ ವಾಪಸ್ ಕೊಟ್ಟರು. ಯೋಚನೆ ಮಾಡಿ ಹೇಳುತ್ತೇನೆ, ಅಲ್ಲಿಯವರೆಗೆ ಅಂಟಿನ ಕೋಣೆಗೆ ಹೋಗಬೇಡಿ ಅಂದರು. ಈಗ ಹಲಗೆಗಳಿಗೆ ಕಾಗದ ಸುತ್ತುವ ಕಡೆ ಇದ್ದೇನೆ. ನನ್ನ ಜಾಗದಲ್ಲಿ ಬೇರೆಯವರು ಕೂತಿದ್ದಾರೆ. ಆ ಕಡೆ ನೋಡದೆ ಓಡಾಡಲು ಕಲಿಯುತ್ತಿದ್ದೇನೆ.

ಜಡೆಯ ವಿಷಯ ಬರೆದಿದ್ದೀಯ. ಅದಕ್ಕೆ ಸಮಾಧಾನ ಅಂತ ಏನು ಬರೆದರೂ ಅದು ಸುಳ್ಳಾಗುತ್ತದೆ.

ನಿನ್ನ ಮೇಲೆ ಇನ್ನೂ ಸಿಟ್ಟಿದೆ. ನಿನಗೂ ನನ್ನ ಮೇಲೆ ಇರುವುದು ನ್ಯಾಯವೇ. ನಿನ್ನ ಮನೆಗೆ ಬರುತ್ತೇನೆ ಅಂತ ನಾನು ಹೇಳುವುದಿಲ್ಲ, ಬಾ ಅಂತ ನೀನೂ ಹೇಳಬೇಕಿಲ್ಲ. ಆದರೆ ಆ ಅಕ್ಕನಿಗೆ ಕೊಡಲು ನನ್ನದೂ ಒಂದು ಹಾಳೆ ಬರೆದಿಟ್ಟುಕೊಂಡಿದ್ದೇನೆ. ಅದನ್ನು ಅಂಚೆಯಲ್ಲಿ ಕಳಿಸುವಂತಿಲ್ಲ.

ಅವರ ಅಂಗಡಿ ಬೆಳಿಗ್ಗೆ ಎಷ್ಟು ಗಂಟೆಗೆ ತೆರೆಯುತ್ತದೆ, ಅದೊಂದು ಬರೆದು ಕಳಿಸು.

ಅಮ್ಮ